ಪಾಸ್‌ಬುಕ್ಕಿನ ಸಣ್ಣ ಕಡಿತಕ್ಕೂ ಲೆಕ್ಕ ಕೇಳಿ



ಡೈರಿಯಲ್ಲಿ ಫ್ಯಾಟ್ ಸ್ವಲ್ಪ ಕಡಿಮೆ ಬಂದರೂ ನೀವು ಅಲ್ಲೇ ನಿಂತು ಕೇಳುತ್ತೀರಿ. ಅದೇ ಹಾಲಿನ ಹಣ ಬ್ಯಾಂಕ್ ಖಾತೆಗೆ ಬಿದ್ದ ಮೇಲೆ ನೂರಿನ್ನೂರು ರೂಪಾಯಿ ಕಡಿತವಾದರೆ ಹೆಚ್ಚಿನವರು ಸುಮ್ಮನಿರುತ್ತಾರೆ. ದನ ನೋಡಲು ಅಂಬಲಪಾಡಿ ಸುತ್ತಮುತ್ತ ಬಂದಾಗ, “ಇದು ಯಾವ ದುಡ್ಡು ಡಾಕ್ಟ್ರೇ?” ಎಂದು ಪಾಸ್‌ಬುಕ್ ತೋರಿಸಿದವರಿದ್ದಾರೆ. ಆ ಪ್ರಶ್ನೆಯನ್ನು ನನ್ನಲ್ಲಿ ಅಲ್ಲ, ಬ್ಯಾಂಕಿನಲ್ಲಿ ಕೇಳಬೇಕು.

ಲೆಕ್ಕ ಹಾಕಿ ನೋಡಿ. 100 ರೂಪಾಯಿ ಶುಲ್ಕಕ್ಕೆ ಶೇ. 18 ಜಿಎಸ್‌ಟಿ ಸೇರಿದರೆ 118 ರೂಪಾಯಿ. ಲೀಟರಿಗೆ 5 ರೂಪಾಯಿಯಂತೆ ಸುಮಾರು 24 ಲೀಟರ್ ಹಾಲಿನ ಪ್ರೋತ್ಸಾಹಧನ ಅಲ್ಲಿಗೆ ಹೋಯಿತು.

ಎಲ್ಲ ಕಡಿತವೂ ತಪ್ಪಲ್ಲ. ವರ್ಷಕ್ಕೊಮ್ಮೆ 20 ಅಥವಾ 436 ರೂಪಾಯಿ ಹೋಗಿದ್ದರೆ ಅದು ಪ್ರಧಾನಮಂತ್ರಿ ವಿಮಾ ಯೋಜನೆಯ ಕಂತು ಇರಬಹುದು. ಅದನ್ನು ನಿಲ್ಲಿಸಬೇಡಿ. ಸಾಲದ ಕಂತಿನ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೂ ದಂಡ ಬೀಳುತ್ತದೆ. ಹಾಲಿನ ಬಟವಾಡೆಯಾದ ನಂತರದ ದಿನಕ್ಕೆ ಕಂತು ಬದಲಿಸಿಕೊಡಿ ಎಂದು ಕೇಳಿ ನೋಡಿ.

ಕನಿಷ್ಠ ಬಾಕಿ ಇಲ್ಲವೆಂದು ಹಾಕುವ ಶುಲ್ಕಕ್ಕೆ ಮಾತ್ರ ಕಟ್ಟುನಿಟ್ಟಿನ ನಿಯಮವಿದೆ. 2015ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ಸೂಚನೆಯಂತೆ, ಬ್ಯಾಂಕು ಮೊದಲು ನಿಮಗೆ ತಿಳಿಸಬೇಕು, ಹಣ ತುಂಬಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಎಷ್ಟು ಕೊರತೆಯೋ ಅದಕ್ಕೆ ತಕ್ಕಷ್ಟೇ ಶುಲ್ಕ. ಈ ಶುಲ್ಕವೊಂದರಿಂದಲೇ ಖಾತೆ ಸೊನ್ನೆಗಿಂತ ಕೆಳಗೆ, ಅಂದರೆ ಮೈನಸ್‌ಗೆ, ಇಳಿಯುವಂತಿಲ್ಲ. ಹಾಗೆ ಇಳಿಸಿ ಮುಂದಿನ ಬಟವಾಡೆಯಿಂದ ಮುರಿದುಕೊಂಡಿದ್ದರೆ ವಾಪಸು ಕೇಳುವುದು ನಿಮ್ಮ ಹಕ್ಕು.

ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಈ ದಂಡವನ್ನೇ ಕೈಬಿಟ್ಟಿದೆ. ಎಲ್ಲ ಬ್ಯಾಂಕುಗಳೂ ಹಾಗಿಲ್ಲ. ನಿಮ್ಮದು ಬೇರೆ ಬ್ಯಾಂಕಾದರೆ, ಕನಿಷ್ಠ ಬಾಕಿ ಬೇಡದ ‘ಮೂಲ ಉಳಿತಾಯ ಖಾತೆ’ಗೆ ಬದಲಿಸಿಕೊಡಿ ಎಂದು ಅರ್ಜಿ ಕೊಡಿ. ಜನಧನ ಖಾತೆಯೂ ಇದೇ ಬಗೆಯದು. ಅದೇ ಬ್ಯಾಂಕಿನಲ್ಲಿ ನಿಮಗೆ ಇನ್ನೊಂದು ಉಳಿತಾಯ ಖಾತೆ ಇರಬಾರದು, ಅಷ್ಟೆ.

ದೂರನ್ನು ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ದಿನಾಂಕ, ಮೊತ್ತ ಬರೆದು ಕೊಡಿ, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಖರ್ಚಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಇಷ್ಟು ಸಣ್ಣ ಮೊತ್ತಕ್ಕೆ ಯಾಕೆ ಜಗಳ ಎನ್ನಬೇಡಿ. 1925ರಲ್ಲಿ ನಮ್ಮ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, ಮೂರು ವರ್ಷದ ನಂತರ ದಿನಕ್ಕೆ ಎರಡಾಣೆಯ ಪಿಗ್ಮಿ ಉಳಿತಾಯ ಆರಂಭಿಸಿತು. ಬಡವರ ಎರಡಾಣೆಗೂ ಬೆಲೆಯಿದೆ ಎಂದು ತಿಳಿದ ಊರು ಇದು.

ಸಂಘಗಳಿಗೂ ಒಂದು ಮನವಿ. ತಿಂಗಳಿಗೊಂದು ದಿನ ಬಟವಾಡೆಯ ಹೊತ್ತಿಗೆ ಸದಸ್ಯೆಯರ ಪಾಸ್‌ಬುಕ್ ನೋಡಿ, ಬೇಕಾದವರಿಗೆ ಅರ್ಜಿ ಬರೆದುಕೊಡಿ. ಹಾಲು ಅಳೆಯುವಾಗ ಇರುವ ಎಚ್ಚರ ಆ ಹಾಲಿನ ಹಣಕ್ಕೂ ಇರಲಿ.