ಮಷಿನ್ ನಾಲ್ಕು, ಸ್ಟ್ರಿಪ್ ಸೊನ್ನೆ

ಸುದ್ದಿಗೆಂದು ಹೋದ ತಿಂಗಳು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ, ಅಲ್ಲಿಯವರು ದುಡಿಯುವ ಜನವೇ. ಶುಗರ್ ತೋರಿಸಲು ಬಂದಿದ್ದ ಅಜ್ಜಿಗೆ ನರ್ಸ್ ಹೇಳುತ್ತಿದ್ದರು: "ಯವ್ವಾ, ಮಷಿನ್ ಐತಿ, ಸ್ಟ್ರಿಪ್ ಖಾಲಿ ಆಗ್ಯಾವ. ಮುಂದಿನ ವಾರ ಬಾ." ಅಜ್ಜಿ ಟಂಟಂ ಹತ್ತಿ ಎಂಟು ಕಿಲೋಮೀಟರ್ ಬಂದಿದ್ದರು.

ಒಳಗೆ ಕಪಾಟಿನಲ್ಲಿ ನೋಡಿದರೆ ನಾಲ್ಕು ಗ್ಲುಕೋಮೀಟರ್! ಎರಡರ ಡಬ್ಬಿಯನ್ನೇ ಒಡೆದಿಲ್ಲ, ಆದರೆ ಒಳಗಿದ್ದ ಸ್ಟ್ರಿಪ್ ಮಾತ್ರ ತೆಗೆದುಕೊಂಡಿದ್ದಾರೆ ಅಂದುಕೊಳ್ಳಬೇಡಿ, ಆ ಸ್ಟ್ರಿಪ್‌ಗಳ ಅವಧಿಯೇ ಮುಗಿದಿತ್ತು. ಫಾರ್ಮಸಿಸ್ಟ್ ಕಂಪ್ಯೂಟರ್ ತೋರಿಸಿದರು. ಇಂಡೆಂಟ್ ಹಾಕುವ ಪಟ್ಟಿಯಲ್ಲಿ 'ಗ್ಲುಕೋಮೀಟರ್ ಕಿಟ್' ಎಂಬ ಒಂದೇ ಸಾಲು. ಮಷಿನ್, ಸ್ಟ್ರಿಪ್, ಬೆರಳು ಚುಚ್ಚುವ ಸೂಜಿ ಎಲ್ಲ ಸೇರಿ ಒಂದೇ ಕೋಡ್. ಸ್ಟ್ರಿಪ್ ಮಾತ್ರ ಬೇಕೆಂದರೆ ಸಾಲೇ ಇಲ್ಲ. ಕಿಟ್ ಕೇಳಿದರೆ ಇನ್ನೊಂದು ಮಷಿನ್ ಬರುತ್ತದೆ, ಅದೂ ಬೇರೆ ಕಂಪನಿಯದು. ಒಂದು ಕಂಪನಿಯ ಸ್ಟ್ರಿಪ್ ಇನ್ನೊಂದರ ಮಷಿನ್‌ಗೆ ನಡೆಯುವುದಿಲ್ಲ, ಮನೆಯಲ್ಲಿ ಮಷಿನ್ ಇಟ್ಟುಕೊಂಡವರಿಗೆ ಇದು ಗೊತ್ತು.

ಕಿಟ್ ಮಾಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಬಾಣಂತಿಯರಿಗೆ ಕೊಡುತ್ತಿದ್ದ ಮಡಿಲು ಕಿಟ್ ನೆನಪಿದೆಯಲ್ಲ, ಒಂದೇ ಚೀಲದಲ್ಲಿ ಎಲ್ಲ ಬಂದದ್ದು ಒಳ್ಳೆಯದೇ ಆಯಿತು. 2021ರ ಏಪ್ರಿಲ್‌ನಲ್ಲಿ ಪಿಎಂ ಕೇರ್ಸ್ ನಿಧಿಯಿಂದ 1 ಲಕ್ಷ ಆಕ್ಸಿಜನ್ ಕಾನ್ಸಂಟ್ರೇಟರ್‌ಗೆ ಮಂಜೂರಾತಿ ಸಿಕ್ಕಿತು. ಮೂಗಿಗೆ ಹಾಕುವ ನಳಿಕೆ ಜೊತೆಗೆ ಬಾರದಿದ್ದರೆ ಅದು ಬರೀ ಸದ್ದು ಮಾಡುವ ಪೆಟ್ಟಿಗೆ. ನೆಬ್ಯುಲೈಸರ್‌ಗೆ ಮಕ್ಕಳ ಮಾಸ್ಕ್ ಬೇರೆ, ದೊಡ್ಡವರದು ಬೇರೆ. ಮೊದಲ ಸಲ ಎಲ್ಲ ಒಟ್ಟಿಗೇ ಬರಬೇಕು.

ತಕರಾರು ಇರುವುದು ಎರಡನೇ ಸಲಕ್ಕೆ. ಮಷಿನ್ ವರ್ಷಗಟ್ಟಲೆ ಇರುತ್ತದೆ, ಸ್ಟ್ರಿಪ್ ದಿನಾ ಖರ್ಚಾಗುತ್ತದೆ. ಎರಡನ್ನೂ ಒಂದೇ ಕೋಡ್‌ನಲ್ಲಿ ಕಟ್ಟಿದರೆ ಎಕ್ಸ್‌ಪೈರಿ ಕಾಲಂನಲ್ಲಿ ಯಾವುದರ ತಾರೀಕು ಬರೆಯುವುದು? ಸಾಫ್ಟ್‌ವೇರ್‌ನಲ್ಲಿ ಕಿಟ್ ಒತ್ತಿದರೆ ಅದರೊಳಗಿನ ಸಾಮಾನು ಒಂದೊಂದಾಗಿ ಬಿಚ್ಚಿಕೊಳ್ಳಬೇಕು. ಪ್ರತಿಯೊಂದಕ್ಕೂ ಅದರದೇ ಕೋಡ್, ಬ್ಯಾಚ್ ನಂಬರ್, ಅವಧಿ ಇರಬೇಕು. ಈ ಸ್ಟ್ರಿಪ್ ಈ ಮಾಡೆಲ್‌ಗೆ ಮಾತ್ರ ಅಂತ ಜೋಡಿಸಿಡಬೇಕು. ಇದೇನು ದೊಡ್ಡ ವಿದ್ಯೆಯಲ್ಲ. ಗೃಹಪ್ರವೇಶದ ಸಾಮಾನಿನ ಚೀಟಿಯನ್ನೂ ಕಿರಾಣಿ ಅಂಗಡಿಯವರು ಬಿಡಿಬಿಡಿಯಾಗಿಯೇ ಬರೆಯುತ್ತಾರೆ.

ಕೋಡ್ ಹೆಚ್ಚಾದರೆ ಗೊಂದಲ, ಒಂದೇ ದರವಿದ್ದರೆ ಟೆಂಡರ್ ಸುಲಭ ಅಂತ ಕಚೇರಿಯವರು ಹೇಳುತ್ತಾರೆ. ಅದೂ ಸುಳ್ಳಲ್ಲ. ಹಾಗಾದರೆ ಅದೇ ಟೆಂಡರ್‌ನಲ್ಲಿ ಮುಂದಿನ ಮೂರು ವರ್ಷದ ಸ್ಟ್ರಿಪ್ ದರವನ್ನೂ ಬರೆಸಿಕೊಳ್ಳಲಿ. ಮಷಿನ್ ಅಗ್ಗಕ್ಕೆ ಕೊಟ್ಟು ಸ್ಟ್ರಿಪ್‌ನಲ್ಲಿ ದುಡ್ಡು ಎತ್ತುವುದು ಈ ವ್ಯಾಪಾರದ ಹಳೇ ಲೆಕ್ಕ. ಆ ಲೆಕ್ಕ ಖರೀದಿ ಮಾಡುವವರಿಗೆ ಗೊತ್ತಿಲ್ಲದೇ ಏನಿಲ್ಲ.

ನಿಮ್ಮೂರ ಆಸ್ಪತ್ರೆಯಲ್ಲಿ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅದರ ಸದಸ್ಯರು ಸಿಕ್ಕರೆ ಮಷಿನ್ ಎಷ್ಟಿವೆ ಅಂತ ಕೇಳಬೇಡಿ, ನಡೆಯುವ ಸ್ಟ್ರಿಪ್ ಎಷ್ಟಿವೆ ಅಂತ ಕೇಳಿ.

ಅಜ್ಜಿ ಮುಂದಿನ ವಾರ ಮತ್ತೆ ಬಂದಿದ್ದರಂತೆ. ಅಷ್ಟರಲ್ಲಿ ಐದನೇ ಮಷಿನ್ ಬಂದಿತ್ತು, ಅದರ ಡಬ್ಬಿಯ ಸ್ಟ್ರಿಪ್‌ನಲ್ಲೇ ಪರೀಕ್ಷೆ ಮಾಡಿದರಂತೆ.