ವಾಲ್ಯೂಮ್ 100ರ ಮೇಲೆ ಬೇಡ

ಮಳೆಗಾಲದಲ್ಲಿ ನಮ್ಮ ಶೀಟಿನ ಮನೆಗಳಲ್ಲಿ ಕಂಪ್ಯೂಟರಿನ ಹಾಡು ಎಲ್ಲಿ ಕೇಳ್ತದೆ ಹೇಳಿ! ಅದಕ್ಕೇ ಮಕ್ಕಳು ಉಬುಂಟು ಸೆಟ್ಟಿಂಗ್ಸಿನಲ್ಲಿ ಓವರ್ ಆಂಪ್ಲಿಫಿಕೇಶನ್ ಹಾಕಿ ವಾಲ್ಯೂಮನ್ನ 100ರ ಮೇಲೆ ಏರಿಸ್ತಾರೆ. ನನಗದು ಸರಿ ಕಾಣೋದಿಲ್ಲ. ತುಂಬಿದ ಪಾತ್ರೆಗೆ ಮತ್ತೆ ಹಾಲು ಹೊಯ್ದ ಹಾಗೆ ಅದು. ಸ್ವರದ ತುದಿ ಕತ್ತರಿಸಿ ಹೋಗಿ, ದುಡಿಯ ಪೆಟ್ಟೂ ತಗಡು ಬಡಿದ ಹಾಗೆ ಕೇಳ್ತದೆ. ಹಳೇ ಕ್ಯಾಸೆಟ್ಟಿಂದ ಇಳಿಸಿಟ್ಟ ಅಜ್ಜಿಯಂದಿರ ಹಾಡಿನಲ್ಲಿ ಮಾತೇ ತಿಳಿಯದಿದ್ರೆ ಇಳಿಸಿ ಏನು ಬಂತು?

ಕಂಪ್ಯೂಟರಲ್ಲಿ 100ರೊಳಗೇ ಇಡಿ, ಜೋರು ಬೇಕಾದ್ರೆ ಸ್ಪೀಕರಿನ ತಿರುಪು ತಿರುಗಿಸಿ. ಸ್ವರವೇ ಇಲ್ವಾ? ಔಟ್‌ಪುಟ್ ನೋಡಿ ಅಕ್ಕ. ಎಚ್‌ಡಿಎಂಐ ಅಂತಿದ್ರೆ ಅದು ಮಾನಿಟರಿಗೆ ಹೋಗ್ತಾ ಇರ್ತದೆ. ಸ್ಪೀಕರಿನ ವಯರು ಹಿಂದಿನ ಹಸಿರು ತೂತಿಗೆ ಹಾಕಿ, ಲೈನ್ ಔಟ್ ಆರಿಸಿ. ಹೊಸ ಸೌಂಡ್ ಕಾರ್ಡಿನ ಮಾತು ಅದಾದ ಮೇಲೆ.