ವಾಹನವಿಲ್ಲದ ಚಾಲಕನಿಗೂ ವಿಮೆ: ಅಮೆರಿಕದ ಕಾನೂನು, ನಮ್ಮ ಪಾಠ

ಸ್ವಂತ ಕಾರು ಇಲ್ಲದವನು ಕಾರಿನ ವಿಮೆ ಮಾಡಿಸಬೇಕೇ? ನಮ್ಮ ಊರಿನಲ್ಲಿ ಯಾರಾದರೂ ಹೀಗೆ ಕೇಳಿದರೆ ಇದೆಂಥ ಪ್ರಶ್ನೆ ಎಂದು ನಗುತ್ತೇವೆ. ಆದರೆ ಅಮೆರಿಕದಲ್ಲಿ ಇದು ಅನೇಕ ಕುಟುಂಬಗಳ ದುಡಿಮೆಗೆ ಸಂಬಂಧಿಸಿದ ಪ್ರಶ್ನೆ. ಕರಾವಳಿಯಿಂದ ಓದಲು, ದುಡಿಯಲು ಅಲ್ಲಿಗೆ ಹೋದವರು ನಮ್ಮ ನಡುವೆ ಬಹಳ ಮಂದಿ ಇರುವುದರಿಂದ ಈ ವಿಷಯವನ್ನು ಇಲ್ಲಿದ್ದುಕೊಂಡೇ ತಿಳಿಯುವುದು ಒಳ್ಳೆಯದು.

ವಿಷಯ ಚರ್ಚೆಗೆ ಬರಲು ಒಂದು ಕಾರಣವೂ ಇದೆ. ಕ್ಯಾಲಿಫೋರ್ನಿಯಾ ರಾಜ್ಯವು 2022ರಲ್ಲಿ ಅಂಗೀಕರಿಸಿದ ಕಾನೂನು 2025ರ ಜನವರಿ 1ರಂದು ಜಾರಿಗೆ ಬಂತು. ಅದರಂತೆ ಅಪಘಾತದಲ್ಲಿ ಗಾಯಗೊಂಡ ಅಥವಾ ಮಡಿದ ಒಬ್ಬ ವ್ಯಕ್ತಿಗೆ ಕನಿಷ್ಠ ವಿಮಾ ರಕ್ಷಣೆ 15,000 ಡಾಲರ್‌ನಿಂದ 30,000ಕ್ಕೆ, ಒಂದಕ್ಕಿಂತ ಹೆಚ್ಚು ಜನರಿದ್ದರೆ 30,000ದಿಂದ 60,000ಕ್ಕೆ, ಆಸ್ತಿ ನಷ್ಟಕ್ಕೆ 5,000ದಿಂದ 15,000ಕ್ಕೆ ಏರಿತು. ಹಳೆಯ ಮೊತ್ತ 1967ರಿಂದ ಬದಲಾಗಿರಲಿಲ್ಲ. ಆಸ್ಪತ್ರೆಯ ವೆಚ್ಚ ಎಷ್ಟೋ ಪಟ್ಟು ಏರಿದ ಮೇಲೂ ಪರಿಹಾರ ಅಲ್ಲೇ ನಿಂತಿತ್ತು. ಆದುದರಿಂದ ಈ ಏರಿಕೆ ನ್ಯಾಯವಾದುದೇ. ಆದರೆ ರಕ್ಷಣೆ ಹೆಚ್ಚಿದಾಗ ಪ್ರೀಮಿಯಂ ಕೂಡ ಹೆಚ್ಚುತ್ತದೆ. ಈ ಹೊರೆ ಅತಿ ಹೆಚ್ಚು ತಟ್ಟುವುದು ‘ಹೆಚ್ಚು ಅಪಾಯದ ಚಾಲಕ’ ಎಂಬ ಹಣೆಪಟ್ಟಿ ಹೊತ್ತವರಿಗೆ.

ಯಾರು ಈ ಹೆಚ್ಚು ಅಪಾಯದ ಚಾಲಕರು?

ಕುಡಿದು ವಾಹನ ಚಲಾಯಿಸಿ ಶಿಕ್ಷೆಗೊಳಗಾದವರು, ವಿಮೆ ಇಲ್ಲದೆ ಅಪಘಾತ ಮಾಡಿದವರು, ಮತ್ತೆ ಮತ್ತೆ ಸಂಚಾರ ನಿಯಮ ಮುರಿದವರು ಈ ಸಾಲಿಗೆ ಸೇರುತ್ತಾರೆ. ಇವರ ಲೈಸೆನ್ಸ್ ಅಮಾನತಾಗುತ್ತದೆ. ಅದನ್ನು ಮರಳಿ ಪಡೆಯಬೇಕಾದರೆ ದಂಡ ಕಟ್ಟಿದರೆ ಸಾಲದು. ಮುಂದೆ ಅಪಘಾತವಾದರೆ ಪರಿಹಾರ ಕೊಡುವ ಶಕ್ತಿ ತನಗಿದೆ ಎಂದು ಸರಕಾರಕ್ಕೆ ತೋರಿಸಬೇಕು. ಹೆಚ್ಚಿನ ರಾಜ್ಯಗಳಲ್ಲಿ ಇದಕ್ಕೆ ಬಳಸುವ ಪತ್ರದ ಹೆಸರು ಎಸ್‌ಆರ್-22. ಇದನ್ನೇ ವಿಮೆ ಎಂದು ತಪ್ಪು ತಿಳಿಯುವವರಿದ್ದಾರೆ. ಇದು ವಿಮೆಯಲ್ಲ, ಈತನ ಹೆಸರಿನಲ್ಲಿ ವಿಮೆ ಇದೆ ಎಂದು ವಿಮಾ ಕಂಪೆನಿಯು ಮೋಟಾರು ವಾಹನ ಇಲಾಖೆಗೆ ಸಲ್ಲಿಸುವ ಪ್ರಮಾಣಪತ್ರ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಮೂರು ವರ್ಷ ಇದನ್ನು ಉಳಿಸಿಕೊಳ್ಳಬೇಕು. ಫ್ಲೋರಿಡಾದಲ್ಲಿ ಕುಡಿದು ಚಲಾಯಿಸಿದವರಿಗೆ ಎಫ್‌ಆರ್-44 ಎಂಬ ಇನ್ನೂ ಕಠಿಣವಾದ ಪತ್ರವಿದೆ. ಅಲ್ಲಿ ಒಬ್ಬ ವ್ಯಕ್ತಿಗೆ 1,00,000 ಡಾಲರ್ ರಕ್ಷಣೆ ಕಡ್ಡಾಯ.

ಈಗ ಮೂಲ ಪ್ರಶ್ನೆಗೆ ಬರೋಣ. ಇಂಥವನ ಬಳಿ ಕಾರೇ ಇಲ್ಲದಿದ್ದರೆ? ದಂಡ, ವಕೀಲರ ಫೀಸು ಎಂದು ಕಾರು ಮಾರಿದ್ದರೆ? ಆಗಲೂ ಲೈಸೆನ್ಸ್ ಬೇಕಾದರೆ ಪತ್ರ ಬೇಕು, ಪತ್ರಕ್ಕೆ ವಿಮೆ ಬೇಕು. ಇದಕ್ಕಾಗಿಯೇ ವಾಹನ ಮಾಲಿಕರಲ್ಲದವರ ಪಾಲಿಸಿ ಇದೆ. ಗೆಳೆಯನ ಕಾರನ್ನೋ ಬಾಡಿಗೆ ಕಾರನ್ನೋ ಓಡಿಸುವಾಗ ಬೇರೆಯವರಿಗಾಗುವ ಗಾಯ ಮತ್ತು ನಷ್ಟಕ್ಕೆ ಇದು ರಕ್ಷಣೆ ನೀಡುತ್ತದೆ. ಸಾಮಾನ್ಯವಾಗಿ ಮೊದಲು ಕಾರಿನ ಮಾಲಿಕನ ವಿಮೆ ಪರಿಹಾರ ಕೊಡುತ್ತದೆ. ಅದು ಸಾಲದಿದ್ದಾಗ ಇದು ನೆರವಿಗೆ ಬರುತ್ತದೆ. ಓಡಿಸುತ್ತಿದ್ದ ಕಾರಿಗೆ ಆದ ಹಾನಿಗೆ ಇದರಲ್ಲಿ ಏನೂ ಸಿಗುವುದಿಲ್ಲ. ತಂದೆಯ, ಹೆಂಡತಿಯ ಅಥವಾ ಒಂದೇ ಮನೆಯಲ್ಲಿರುವ ಇನ್ನೊಬ್ಬರ ಕಾರನ್ನು ದಿನವೂ ಓಡಿಸುವವನಿಗೆ ಈ ಪಾಲಿಸಿ ಅನ್ವಯಿಸುವುದಿಲ್ಲ. ಅಂಥವನ ಹೆಸರನ್ನು ಆ ಕಾರಿನ ಪಾಲಿಸಿಗೇ ಸೇರಿಸಬೇಕು. ಇದನ್ನು ತಿಳಿಯದೆ ಹಣ ಕಟ್ಟಿದವರಿಗೆ ಅಪಘಾತದ ದಿನ ಆಘಾತ ಕಾದಿರುತ್ತದೆ.

ಎರಡು ನ್ಯಾಯಗಳ ಘರ್ಷಣೆ

ಈ ಕಾನೂನಿನ ಹಿಂದಿರುವ ಉದ್ದೇಶದ ಬಗ್ಗೆ ಎರಡು ಮಾತಿಲ್ಲ. ಒಮ್ಮೆ ಅಜಾಗರೂಕನಾದವನು ಮತ್ತೆ ರಸ್ತೆಗೆ ಇಳಿಯುವಾಗ, ದಾರಿಹೋಕನಿಗೆ ಭದ್ರತೆ ಕೊಡಬೇಕಾದುದು ಸರಕಾರದ ಕರ್ತವ್ಯ. ಗಾಯಗೊಂಡವನು ದುಡಿಯಲಾಗದೆ ಮನೆಯಲ್ಲಿ ಕುಳಿತಾಗ ಚಾಲಕನ ಪಶ್ಚಾತ್ತಾಪದಿಂದ ಅವನ ಒಲೆ ಉರಿಯುವುದಿಲ್ಲ.

ಆದರೆ ಇನ್ನೊಂದು ಮುಖವೂ ಇದೆ. ಪಾಲಿಸಿ ರದ್ದಾದರೆ ಅಥವಾ ಕಂತು ಕಟ್ಟದೆ ನಿಂತರೆ ಕಂಪೆನಿ ಕೂಡಲೇ ಇಲಾಖೆಗೆ ತಿಳಿಸಬೇಕು. ಲೈಸೆನ್ಸ್ ಮತ್ತೆ ಅಮಾನತಾಗುತ್ತದೆ. ಅಮೆರಿಕದ ಬಹುಪಾಲು ಊರುಗಳಲ್ಲಿ ನಮ್ಮಲ್ಲಿರುವಂತೆ ಹತ್ತು ನಿಮಿಷಕ್ಕೊಂದು ಬಸ್ಸಿಲ್ಲ. ಕಾರಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಕಂತಿಗೆ ಹಣವಿಲ್ಲ. ಕೊನೆಗೆ ಆತ ಲೈಸೆನ್ಸ್ ಇಲ್ಲದೆ, ವಿಮೆಯೂ ಇಲ್ಲದೆ ಯಾರದ್ದೋ ಕಾರು ಓಡಿಸುತ್ತಾನೆ. ಯಾರನ್ನು ರಕ್ಷಿಸಲು ಕಾನೂನು ಬಂದಿತೋ ಅದೇ ದಾರಿಹೋಕನಿಗೆ ಆಗ ರಕ್ಷಣೆ ಇಲ್ಲವಾಗುತ್ತದೆ.

ಬಡವರಿಗಾಗಿ ಕ್ಯಾಲಿಫೋರ್ನಿಯಾದಲ್ಲಿ 1999ರ ಕಾನೂನಿನಿಂದ ಹುಟ್ಟಿದ ಕಡಿಮೆ ದರದ ವಿಮಾ ಯೋಜನೆ ಇದೆ. ಆದರೆ ಅದು ಸ್ವಂತ ವಾಹನವುಳ್ಳ, ಒಳ್ಳೆಯ ಚಾಲನಾ ದಾಖಲೆ ಇರುವ ಕಡಿಮೆ ಆದಾಯದವರಿಗೆ. ನಾವು ಹೇಳುತ್ತಿರುವ ವ್ಯಕ್ತಿ ಎರಡೂ ಕಾರಣದಿಂದ ಹೊರಗುಳಿಯುತ್ತಾನೆ. ಇನ್ನೊಂದು ಅಂಶ ಗಮನಾರ್ಹ: ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಪ್ರೀಮಿಯಂ ನಿಗದಿಪಡಿಸುವಾಗ ಸಾಲ ಮರುಪಾವತಿಯ ಇತಿಹಾಸವನ್ನೂ ನೋಡುತ್ತಾರೆ. ಅಂದರೆ ತಪ್ಪಿಗೆ ಮಾತ್ರವಲ್ಲ, ಬಡತನಕ್ಕೂ ದಂಡ. ಕ್ಯಾಲಿಫೋರ್ನಿಯಾ, ಹವಾಯಿ, ಮೆಸಾಚುಸೆಟ್ಸ್ ರಾಜ್ಯಗಳು ಇದಕ್ಕೆ ಅವಕಾಶ ಕೊಟ್ಟಿಲ್ಲ. ಉಳಿದವರೂ ಈ ದಾರಿ ಹಿಡಿದರೆ ಕಾನೂನಿನ ಬಿಗಿ ಸಡಿಲಿಸದೆಯೇ ಅನ್ಯಾಯವನ್ನು ಕಡಿಮೆ ಮಾಡಬಹುದು.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ಮೂರನೇ ವ್ಯಕ್ತಿಯ ಕಡ್ಡಾಯ ವಿಮೆ ಇರುವುದು ವಾಹನಕ್ಕೆ, ಚಾಲಕನಿಗಲ್ಲ. ಹಾಗಾಗಿ ಸಾಲವಾಗಿ ತಂದ ವಾಹನ ಓಡಿಸುವವನ ಸ್ಥಿತಿ ನಮ್ಮಲ್ಲಿ ಇನ್ನೂ ಸೂಕ್ಷ್ಮ. ಇಳಕಲ್‌ನಿಂದ ತನ್ನ ಊರಿಗೆ ಇನ್ನೊಬ್ಬರ ಬೈಕ್ ಪಡೆದು ಹೊರಟು ಎತ್ತಿನ ಗಾಡಿಗೆ ಡಿಕ್ಕಿಯಾಗಿ ಮೃತಪಟ್ಟವನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ, ವಾಹನವನ್ನು ಎರವಲು ಪಡೆದವನು ಮಾಲಿಕನ ಸ್ಥಾನದಲ್ಲೇ ನಿಲ್ಲುತ್ತಾನೆ ಎಂದಿತು. ಮೂರನೇ ವ್ಯಕ್ತಿಗೆ ಸಿಗುವಂತೆ ಆ ಬೈಕಿನ ವಿಮೆಯಿಂದ ಅವನ ಕುಟುಂಬಕ್ಕೆ ಪರಿಹಾರ ಕೇಳಲು ಬರುವುದಿಲ್ಲ ಎಂಬುದು ಇದರ ಅರ್ಥ. 2020ರಲ್ಲಿ ಇನ್ನೊಂದು ಪ್ರಕರಣದಲ್ಲೂ ಇದೇ ನಿಲುವು ದೃಢವಾಯಿತು. ಇನ್ನು ಲೈಸೆನ್ಸ್ ಇಲ್ಲದವನೆಂದು ತಿಳಿದೂ ವಾಹನ ಕೊಟ್ಟರೆ, ವಿಮಾ ಕಂಪೆನಿ ಗಾಯಾಳುವಿಗೆ ಕೊಟ್ಟ ಹಣವನ್ನು ಮಾಲಿಕನಿಂದ ವಸೂಲು ಮಾಡಬಹುದು.

ಸಂಚಾರ ನಿಯಮ ಮುರಿದದ್ದಕ್ಕೆ ಹೆಚ್ಚುವರಿ ಪ್ರೀಮಿಯಂ ವಿಧಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು 2021ರಲ್ಲಿ ಶಿಫಾರಸು ಮಾಡಿತ್ತು. ಅದರಲ್ಲೂ ಹೊಣೆ ಹೊರಿಸಿದ್ದು ವಾಹನದ ನೋಂದಾಯಿತ ಮಾಲಿಕನ ಮೇಲೆ, ಓಡಿಸಿದವನ ಮೇಲಲ್ಲ. ಅಮೆರಿಕದ ಕಾನೂನು ಚಾಲಕನ ಬೆನ್ನು ಬಿಡುವುದಿಲ್ಲ. ನಮ್ಮದು ಚಾಲಕನನ್ನು ಸುಲಭವಾಗಿ ಮರೆಯುತ್ತದೆ. ಎರಡರಲ್ಲೂ ಕೊರತೆ ಇದೆ.

ಆದುದರಿಂದ ಅಮೆರಿಕಕ್ಕೆ ಹೊರಟ ಮಕ್ಕಳಿಗೆ ಹೆತ್ತವರು ಎರಡು ಮಾತು ಹೇಳಲಿ. ಗೆಳೆಯನ ಕಾರಿನ ಕೀಲಿ ಕೈಗೆ ಬಂದಾಗ ಅದರ ವಿಮೆ ತನ್ನನ್ನೂ ಒಳಗೊಂಡಿದೆಯೇ ಎಂದು ಮೊದಲು ಕೇಳಬೇಕು. ಕುಡಿದು ಸ್ಟಿಯರಿಂಗ್ ಹಿಡಿಯಲೇಬಾರದು. ಅಂಥ ಬಂಧನವಾದರೆ ಲೈಸೆನ್ಸ್ ಮಾತ್ರವಲ್ಲ, ವೀಸಾ ಕೂಡ ರದ್ದಾಗಬಹುದು. ಊರಿನಲ್ಲಿರುವವರೂ ಮದುವೆ ಮನೆಗೆಂದೋ ಆಸ್ಪತ್ರೆಗೆಂದೋ ನೆರೆಯವರ ಬೈಕ್ ಕೇಳುವ ಮೊದಲು, ತಮ್ಮ ಹೆಸರಿನಲ್ಲಿ ಒಂದು ವೈಯಕ್ತಿಕ ಅಪಘಾತ ವಿಮೆ ಇದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ. ಅದಕ್ಕೆ ತಗಲುವ ವೆಚ್ಚ ಅಲ್ಪ. ಇಲ್ಲದಿದ್ದರೆ ಅದರ ಬೆಲೆ ತೆರಬೇಕಾದವರು ಮನೆಯವರು.